ಗೌರಿ ಹುಣ್ಣಿಮೆಯ ಸಕ್ಕರೆ ಆನೆ

ಈಗಿನ ಕಾಲದ ಮಿಠಾಯಿಯ ಬಗ್ಗೆ ನನ್ನ ಮುಂದೆ ಯಾರೂ ಮಾತೆತ್ತಬಾರದು. ಬಣ್ಣದ ಕಾಗದ ಸುತ್ತಿ, ಎರಡೂ ತುದಿ ತಿರುವಿ, ಗಾಜಿನ ಬರಣಿಯಲ್ಲಿ ತುಂಬಿಟ್ಟ ಮಾತ್ರಕ್ಕೆ ಅದು ಮಿಠಾಯಿ ಆಗಿಬಿಡುತ್ತದೆಯೆ? ಬಾಯಿಗೆ ಹಾಕಿಕೊಂಡು ರುಚಿ ಯಾವುದೆಂದು ಯೋಚಿಸುವಷ್ಟರಲ್ಲಿ ಕರಗಿ ಹೋಗಿರುತ್ತದೆ. ಕೈಯಲ್ಲಿ ಕಾಗದ ಉಳಿದಿರುತ್ತದೆ.

ನಮ್ಮ ಕಾಲದ ಮಿಠಾಯಿಗೆ ನಿಷ್ಠೆ ಇತ್ತು. ನಮ್ಮೂರು ಗರಗದಲ್ಲಿ ಶಾಲೆಯ ಎದುರು ಹುಚ್ಚಪ್ಪನ ಅಂಗಡಿ. ಅಲ್ಲಿ ಕೊಂಡ ಬೆಲ್ಲದ ಚಿಕ್ಕಿಯನ್ನು ಪ್ರಾರ್ಥನೆಯ ಹೊತ್ತಿಗೆ ದವಡೆಗೆ ಒತ್ತರಿಸಿಕೊಂಡರೆ ಮಗ್ಗಿ ಹೇಳುವುದು ಮುಗಿದರೂ ಅದು ಅಲ್ಲೇ ಠಿಕಾಣಿ ಹೂಡಿರುತ್ತಿತ್ತು. (ಮಾಸ್ತರರು ಕೇಳಿದ್ದಕ್ಕೆ ನಾನು ಉತ್ತರ ಹೇಳದೆ ನಿಲ್ಲುತ್ತಿದ್ದುದಕ್ಕೆ ಆ ಚಿಕ್ಕಿಯೇ ಕಾರಣ, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ.) ಹುಣಸೇಹಣ್ಣು, ಬೆಲ್ಲ, ಜೀರಿಗೆ, ಖಾರ, ಉಪ್ಪು ಕುಟ್ಟಿ ಕಡ್ಡಿಗೆ ಮೆತ್ತಿದ ಚಿಗಳಿಯನ್ನು ಅರ್ಧ ಚೀಪಿ, ಉಳಿದರ್ಧವನ್ನು ಜೇಬಿನಲ್ಲಿಟ್ಟುಕೊಂಡು, ಮರುದಿನ ಜೇಬಿನ ಸಮೇತ ಚೀಪಿದವನು ನಾನು. ಬೆಂಡು, ಬೆತ್ತಾಸ, ಪುಟಾಣಿ ಉಂಡಿ, ಒಂದೇ ಎರಡೇ.

ಆದರೆ ಇವರೆಲ್ಲ ಸಾಮಂತರು. ಚಕ್ರವರ್ತಿ ಎಂದರೆ ಕಾರ್ತಿಕದಲ್ಲಿ ಬರುವ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಪಾಕವನ್ನು ಮರದ ಅಚ್ಚಿಗೆ ಹೊಯ್ದು ತೆಗೆದ ಬೆಳ್ಳನೆಯ ಗೊಂಬೆಗಳು: ಕುದುರೆ, ನವಿಲು, ಗಿಳಿ, ಗೋಪುರ. ಅವುಗಳ ನಡುವೆ ಆನೆ. ನಮ್ಮವ್ವ ಪ್ರತಿ ವರ್ಷ ಆನೆಯನ್ನು ನನಗೇ ಎತ್ತಿಡುತ್ತಿದ್ದಳು. ಅದನ್ನು ಸೊಂಡಿಲಿನಿಂದ ಆರಂಭಿಸಿ ಬಾಲದವರೆಗೆ ಕಡಿದು ಮುಗಿಸುವ ತನಕ ನನಗೆ ಯಾರ ಮಾತೂ ಕೇಳುತ್ತಿರಲಿಲ್ಲ.

ಇಂಥ ಘನಘೋರ ತಪಸ್ಸಿಗೆ ಫಲ ಸಿಗದೆ ಇರುತ್ತದೆಯೆ? ಮೀಸೆ ನರೆಯುವ ಮೊದಲೇ ಮೇಲಿನ ಸಾಲಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಹಲ್ಲು ಹುಳುಕಾದವು. ಹುಬ್ಬಳ್ಳಿಯ ಹಲ್ಲಿನ ಡಾಕ್ಟರರು ಎರಡಕ್ಕೂ ಬಂಗಾರದ ಕವಚ ತೊಡಿಸಿದರು. ಬಂಗಾರ ಎಲ್ಲಿಂದ ಬಂತು ಎಂದು ಕೇಳಿದಿರಾ? ನನ್ನ ಹೆಂಡತಿ ಕಸ್ತೂರೆವ್ವನ ಕಿವಿಯಿಂದ. ತವರಿನವರು ಕೊಟ್ಟ ಜೋಡಿ ಬುಗುಡಿಯಲ್ಲಿ ಒಂದು ಬಾವಿಗೆ ಬಿದ್ದು, ಒಂಟಿಯಾಗಿ ಉಳಿದದ್ದನ್ನು ಮುಂದೆ ಸೊಸೆಗೆ ಕೊಡಬೇಕೆಂದು ಅವಳು ತೆಗೆದಿಟ್ಟಿದ್ದಳು. ಅದನ್ನು ಕರಗಿಸಿ ನನ್ನ ಬಾಯಿಗೆ ಹಾಕಬೇಕಾಯಿತು. ಅಂದಿನಿಂದ ನಾನು ನಕ್ಕರೆ ಮನೆಗೆ ಬಂದವರಿಗೆಲ್ಲ ಅವಳು, "ಅಲ್ಲಿ ನೋಡ್ರಿ, ನನ್ನ ಬುಗುಡಿ ಕಾಣಾಕತ್ತೈತಿ" ಎಂದು ತೋರಿಸುತ್ತಾಳೆ. ಧಾರವಾಡದ ಕೋರ್ಟಿನಲ್ಲಿ ಗುಮಾಸ್ತನಾಗಿರುವ ನನಗೆ ಸ್ವಂತ ಬಾಯಿಯಲ್ಲೇ ಬಾಡಿಗೆದಾರನ ಸ್ಥಾನ. ಗಟ್ಟಿ ತಿಂಡಿಗಳಿಗೆಲ್ಲ ಕಾಯಂ ತಡೆಯಾಜ್ಞೆ.

ಹೀಗಿರುವಾಗ, ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡಬಾರದೆಂಬ ಬಂಗಾರದ ಕಾಯ್ದೆ ಬಂದ ಮರುವರ್ಷ, ನಮ್ಮ ಮಗ ಶಿದ್ದಪ್ಪನಿಗೆ ಅಮ್ಮಿನಬಾವಿಯ ಹೆಣ್ಣು ನಿಶ್ಚಯವಾಯಿತು. ಹುಡುಗಿಯ ಹೆಸರು ದುರಗವ್ವ. ನಮ್ಮ ಕಡೆ, ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಗೌರಿ ಹುಣ್ಣಿಮೆಯ ದಿನ ಸೀರೆಯ ಜೊತೆ ಸಕ್ಕರೆ ಆರತಿ ಒಯ್ಯಬೇಕು. ನವಿಲಿನ ಕೊಕ್ಕು ಒಂದಿಷ್ಟು ಮುಕ್ಕಾಗಿದ್ದರೂ ಮೊಮ್ಮಕ್ಕಳಾಗುವ ತನಕ ಮಾತು ಕೇಳಬೇಕು. ಅದರಲ್ಲೂ ಹುಡುಗಿಯ ಅಜ್ಜಿ ಸಾವಕ್ಕ ಹೆಸರಾಂತ ಕಣ್ಣಿನವಳು. ನಿಶ್ಚಯದ ದಿನ ನಾವು ಒಯ್ದಿದ್ದ ಎಲೆಯ ಕಟ್ಟಿನಲ್ಲಿ ಒಂದೇ ಒಂದು ಬಾಡಿದ ಎಲೆಯನ್ನು ಕೈ ಹಾಕಿದ ಕೂಡಲೇ ಹಿರಿದು ತೆಗೆದಿದ್ದಳು. ಆ ದಿನದಿಂದ ಕಸ್ತೂರೆವ್ವನಿಗೆ ಒಂದೇ ಹಟ. ಆರತಿ ನೋಡಿ ಸಾವಕ್ಕನ ಬಾಯಿ ಕಟ್ಟಬೇಕು.

ಸಕ್ಕರೆ ರೇಷನ್ನಿನಲ್ಲಿ ಸಿಗುವ ದಿನಗಳು. ಶ್ರಾವಣದಿಂದಲೇ ನನ್ನ ಚಹಾಕ್ಕೆ ಬೆಲ್ಲ ಬಂತು. ನನ್ನ ಪಾಲಿನ ಸಕ್ಕರೆ ಡಬ್ಬಿ ಸೇರಿತು. ಪಕ್ಕದ ಮನೆಯ ಮುರಿಗೆವ್ವನಿಂದ ಅಚ್ಚು ಬಂದವು, ನೀರಿನಲ್ಲಿ ನೆನೆದವು, ದಾರ ಕಟ್ಟಿಸಿಕೊಂಡವು. ಪಾಕ ಕುದಿಯುವಾಗ ನನಗೆ ಹೊಸ್ತಿಲಿನ ಆಚೆ ನಿಲ್ಲುವ ಅಪ್ಪಣೆ. ವಾಸನೆಗೆ ಮಾತ್ರ ತಡೆಯಾಜ್ಞೆ ಇರಲಿಲ್ಲ. ಹುಣ್ಣಿಮೆಯ ಹಿಂದಿನ ಮಧ್ಯಾಹ್ನ ಗೊಂಬೆಗಳೆಲ್ಲ ದೇವರ ಕೋಣೆಯಲ್ಲಿ ಅಗಲವಾದ ತಟ್ಟೆಯಲ್ಲಿ, ಅಂದರೆ ಪರಾತದಲ್ಲಿ, ಸಾಲಾಗಿ ನಿಂತವು. ಅಚ್ಚು ಹಿಂದಿರುಗಿಸಲು ಹೊರಟ ಕಸ್ತೂರೆವ್ವ ಬಾಗಿಲಲ್ಲಿ ತಿರುಗಿ ನಿಂತಳು.

"ನಾ ಬರೂತನಕ ಇರುವಿ ಹತ್ತಧಂಗ ನೋಡ್ಕೋರಿ. ಮತ್ತ ನೀವೂ ಒಂದ್ ಇರುವಿನ ಅನ್ನೂದು ನೆನಪಿರಲಿ."

ಅವಳು ಅತ್ತ ಹೋದಳು, ಇತ್ತ ನನಗೆ ಕುಳಿತಲ್ಲಿ ಕೂಡಲಾಗಲಿಲ್ಲ. ಪೇಪರು ತೆಗೆದೆ, ಮಡಚಿದೆ. ಬಾಗಿಲ ತನಕ ಹೋದೆ, ಬಂದೆ. ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿದೆ. ಗಡಿಯಾರಕ್ಕೆ ಕೀಲಿ ಕೊಟ್ಟೆ, ಬೆಳಿಗ್ಗೆಯೇ ಕೊಟ್ಟಿದ್ದೆ. ಇರುವೆ ನೋಡುವುದು ನನ್ನ ಕರ್ತವ್ಯವಲ್ಲವೆ ಎಂದು ದೇವರ ಕೋಣೆಗೆ ಹೋದೆ. ಇರುವೆ ಇರಲಿಲ್ಲ. ಆನೆ ಇತ್ತು. ಸೊಂಡಿಲು ಎತ್ತಿ, ಪೀಠದ ಮೇಲೆ ನಿಂತು, ಗರಗದಿಂದ ನನ್ನನ್ನೇ ಹುಡುಕುತ್ತ ಬಂದಹಾಗೆ ನೋಡುತ್ತಿತ್ತು. ಹೊರಗೆ ಬಂದೆ. ಮತ್ತೆ ಹೋದೆ.

ಮನಸ್ಸಿನಲ್ಲೇ ಕೋರ್ಟು ಸೇರಿತು. ಸದರಿ ಆನೆಯು ಯಾರ ಚಹಾದ ಸಕ್ಕರೆಯಿಂದ ನಿರ್ಮಿತವಾಗಿದೆ? ನನ್ನ ಚಹಾದ. ಅಂದ ಮೇಲೆ ಅದರ ಮೇಲೆ ನನಗೆ ಹಕ್ಕಿದೆಯೋ ಇಲ್ಲವೋ? ಇದೆ. ಸೊಂಡಿಲು ಮುಟ್ಟಿದರೆ ಸಿಕ್ಕಿಬೀಳುತ್ತೇನೆ. ಪೀಠದ ತಳವನ್ನು ಯಾರು ನೋಡುತ್ತಾರೆ? ತೀರ್ಪು ನನ್ನ ಪರವಾಗಿಯೇ ಆಯಿತು. ಆನೆಯನ್ನು ಎತ್ತಿ, ಕಣ್ಣು ಮುಚ್ಚಿ, ತಳಕ್ಕೆ ಬಾಯಿ ಹಾಕಿ ಬಲವಾಗಿ ಕಚ್ಚಿದೆ.

ಆ ರುಚಿಯನ್ನು ಏನೆಂದು ಹೇಳಲಿ. ಒಂದು ಕ್ಷಣ ನಮ್ಮವ್ವ ಪಕ್ಕದಲ್ಲಿ ಕುಳಿತಂತೆ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಂಗಳದಲ್ಲಿ ಬಳೆಯ ಸದ್ದು. ಗಾಬರಿಯಲ್ಲಿ ಉದುರಿದ ಚೂರುಗಳನ್ನೆಲ್ಲ ಎಂಜಲ ಬೆರಳಿನಿಂದ ತಳದಲ್ಲಿ ಕಚ್ಚಿದ ತೂತಿಗೆ ತುರುಕಿ, ಗಾರೆ ಕೆಲಸದವನಂತೆ ಸವರಿ, ಆನೆಯನ್ನು ಪರಾತದಲ್ಲಿ ನಿಲ್ಲಿಸಿ ಹೊರಗೆ ಬಂದೆ.

ಸಂಜೆಯ ಚಹಾ ಕುಡಿಯುವಾಗ ಎಡಗಡೆಯ ಹಲ್ಲು ಜುಮ್ಮೆಂದಿತು. ನಾಲಿಗೆ ಆಡಿಸಿ ನೋಡಿದೆ. ಹಲ್ಲು ಇತ್ತು, ಬಂಗಾರ ಇರಲಿಲ್ಲ.

ನುಂಗಿಬಿಟ್ಟೆನೆಂದು ಮೊದಲು ಹೊಟ್ಟೆ ಮುಟ್ಟಿಕೊಂಡೆ. ಆಮೇಲೆ, ಚೂರು ತುರುಕುವಾಗ ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿದ್ದು ನೆನಪಾಯಿತು. ಅಂದರೆ ಕಸ್ತೂರೆವ್ವನ ಬುಗುಡಿಯ ಅರ್ಧ ಭಾಗ ಆನೆಯ ಪೀಠದಲ್ಲಿತ್ತು. ಅದನ್ನು ಅಲ್ಲಿಟ್ಟು ಮೆತ್ತಿದವನೂ ನಾನೇ. ದೇವರ ಕೋಣೆಗೆ ಓಡಿದೆ. ಅಷ್ಟರಲ್ಲಿ ಪರಾತವೇ ಇರಲಿಲ್ಲ. ಗೊಂಬೆಗಳನ್ನೆಲ್ಲ ಬುಟ್ಟಿಯಲ್ಲಿಟ್ಟು, ಕೆಂಪು ಖಣದಿಂದ ಮುಚ್ಚಿ, ಹೊಲಿಗೆ ಹಾಕಿದಂತೆ ಬಿಗಿಯಾಗಿ ಕಟ್ಟಿ ಆಗಿತ್ತು. ಬುಟ್ಟಿ ಅವಳ ತಲೆಗಿಂಬಿನ ಪಕ್ಕ ಸೇರಿತು.

ಮರುದಿನ ಬೆಳಿಗ್ಗೆ ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ದೇವರ ಕಡೆ ಕೈ ತೋರಿಸಿ, ಮೌನವ್ರತವೆಂದು ಸನ್ನೆ ಮಾಡಿದೆ. ಕಸ್ತೂರೆವ್ವ ದೇವರಿಗೆ ಕೈ ಮುಗಿದಳು. ಮದುವೆಯಾದಾಗಿನಿಂದ ತಾನು ಬೇಡಿಕೊಂಡದ್ದನ್ನು ಗೌರಿ ಇವತ್ತು ನಡೆಸಿಕೊಟ್ಟಳೆಂದು ಮುರಿಗೆವ್ವನಿಗೆ ಗೋಡೆಯ ಮೇಲಿಂದಲೇ ಕೂಗಿ ಹೇಳಿದಳು.

ಅಮ್ಮಿನಬಾವಿಯ ಬಸ್ಸಿನಲ್ಲಿ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಬುಟ್ಟಿ ಅವಳ ತೊಡೆಯ ಮೇಲೆ. ನಾನು ಹಿಡಿದುಕೊಳ್ಳುತ್ತೇನೆಂದು ಸನ್ನೆ ಮಾಡಿದೆ, ತಲೆ ಅಲ್ಲಾಡಿಸಿದಳು. ಗಂಟಿಗೆ ಕೈ ಹಾಕಿದೆ.

"ಬಾಯಿ ಸುಮ್ಮನಾದ್ರ ಸಾಲದು," ಎಂದು ನನ್ನ ಕೈ ಸರಿಸಿದಳು. "ಕೈಯೂ ವ್ರತದಾಗ ಇರ್ಲಿ."

ಬಸ್ಸು ಕೆಟ್ಟು ನಿಲ್ಲಲಿ ಎಂದು ಹರಕೆ ಹೊತ್ತೆ. ಆ ದಿನ ಅದು ಕುದುರೆಯಂತೆ ಓಡಿತು. ಪ್ರತಿ ತಗ್ಗಿಗೆ ಬುಟ್ಟಿ ಒಂದು ಗೇಣು ಹಾರುತ್ತಿತ್ತು, ಅದರ ಜೊತೆಗೆ ನನ್ನ ಜೀವವೂ ಹಾರುತ್ತಿತ್ತು. ಆನೆ ಒಡೆದರೆ ಮಾನ ಹೋಗುತ್ತದೆ, ಒಡೆಯದಿದ್ದರೆ ಬಂಗಾರ ಹೋಗುತ್ತದೆ. ಕೂಡುವುದು, ಏಳುವುದು, ಕಿಟಕಿಯಿಂದ ಇಣುಕುವುದು ಮಾಡುತ್ತಲೇ ಊರು ಬಂತು. ಕಂಡಕ್ಟರರು ಪಾಪ, ನನಗೆ ಹೊಟ್ಟೆ ಕೆಟ್ಟಿದೆ ಎಂದುಕೊಂಡು ಮೊದಲು ನನ್ನನ್ನೇ ಇಳಿಸಿದರು.

ಸಾವಕ್ಕ ಪಡಸಾಲೆಯಲ್ಲಿ ಕಾಯುತ್ತ ಕುಳಿತಿದ್ದಳು. ಗಂಟು ಬಿಚ್ಚಿತು. ಒಂದೊಂದೇ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕುದುರೆ ಪಾಸಾಯಿತು, ನವಿಲು ಪಾಸಾಯಿತು. ಆನೆಯನ್ನು ತಿರುಗಿಸಿ ತಳ ನೋಡಿದಾಗ ನಾನು ಮಾಡಿನ ಜಂತೆ ಎಣಿಸತೊಡಗಿದೆ. ತಳ ಒಂದೀಟು ಒರಟಾಯಿತೆಂದು ಅವಳು, ಅಚ್ಚು ಹಳೆಯದೆಂದು ಕಸ್ತೂರೆವ್ವ. ಅಷ್ಟಕ್ಕೇ ಬಿಟ್ಟಳು. ಹೊತ್ತು ಮುಳುಗುವಾಗ ಗೌರಿಯ ಮುಂದೆ ಆರತಿ ನಡೆಯಿತು. ಹೆಂಗಸರು ಹಾಡಿದರು. ನಾನು ಮೆಲ್ಲಗೆ ಸರಿಯುತ್ತ ತಟ್ಟೆಯ ಪಕ್ಕಕ್ಕೆ ಬಂದು, ಹಾಡಿನ ಗದ್ದಲದಲ್ಲಿ ಆನೆಯ ಬಾಲದ ಮೇಲೆ ಎರಡು ಬೆರಳಿಟ್ಟೆ. ಸಾವಕ್ಕ ನನ್ನ ಕೈ ನೋಡಿದಳು, ನಕ್ಕಳು, ಒಂದು ಗಿಳಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಬೀಗರಿಗೆ ಸಕ್ಕರಿ ಅಂದ್ರ ಭಾಳ ಪ್ರೀತಿ ಕಾಣ್ತೈತಿ. ಇದನ್ನ ತಿನ್ರಿ. ಆನಿ ಮಾತ್ರ ನಮ್ಮ ಹುಡುಗಿದು."

ಹೀಗೆ ಹೇಳಿ, ಗಂಡನ ಮನೆಯ ಸಕ್ಕರೆಯನ್ನು ಹುಡುಗಿ ಮೊದಲು ಬಾಯಿಗೆ ಹಾಕಿಕೊಳ್ಳಲಿ ಎಂದು ಆನೆಯನ್ನು ಅಡ್ಡ ಮಲಗಿಸಿ, ಅಡಕೊತ್ತಿನಿಂದ ಒಂದು ಪೆಟ್ಟು ಹಾಕಿದಳು. ಆನೆ ಎರಡಾಯಿತು. ಹಿತ್ತಾಳೆಯ ತಟ್ಟೆಯಲ್ಲಿ ಟಣ್ ಎಂದು ಏನೋ ಬಿದ್ದು, ಉರುಳಿ, ದೀಪದ ಪಕ್ಕ ನಿಂತು ಹೊಳೆಯಿತು.

ಹಾಡು ನಿಂತಿತು. ಸಾವಕ್ಕ ಅದನ್ನು ಎತ್ತಿ ದೀಪಕ್ಕೆ ಹಿಡಿದಳು. ನನ್ನ ಕಡಿತಕ್ಕೆ ಸಿಕ್ಕು ಅದು ಚಪ್ಪಟೆಯಾಗಿ ಬಂಗಾರದ ಗಟ್ಟಿಯಂತೆ ಕಾಣುತ್ತಿತ್ತು. ಇದೇನೆಂದು ಅವಳು ಕೇಳುವ ಮೊದಲು ಕಸ್ತೂರೆವ್ವ ಒಮ್ಮೆ ಬಂಗಾರವನ್ನು ನೋಡಿದಳು, ಒಮ್ಮೆ ನನ್ನ ಮುಚ್ಚಿದ ಬಾಯಿಯನ್ನು ನೋಡಿದಳು. ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡಳು.

"ನಮ್ಮ ಮನಿ ಪದ್ಧತಿರಿ ಅದು," ಎಂದಳು, ಸಾವಧಾನವಾಗಿ. "ಸೊಸಿ ಆಗಾಕಿಗೆ ಒಯ್ಯೂ ಆನ್ಯಾಗ ಒಂದೀಟ ಬಂಗಾರ ಇಡ್ತೇವಿ. ನನ್ನ ಬುಗುಡಿದರಿ. ಹಿರ್‍ಯಾರ ಕಾಲದ ಬಂಗಾರ."

ಸಾವಕ್ಕ ಪರೀಕ್ಷೆ ಮಾಡದೆ ನಂಬುವವಳಲ್ಲ. ಅದನ್ನು ತನ್ನ ಬಾಯಿಗಿಟ್ಟು ಕಚ್ಚಿ ನೋಡಿದಳು. (ನಾನು ಕಣ್ಣು ಮುಚ್ಚಿಕೊಂಡೆ.) ಈಗಿನ ಹದಿನಾಲ್ಕು ಕ್ಯಾರೆಟ್ಟಿನದಲ್ಲ, ಖರೇ ಬಂಗಾರ ಎಂದು ಸಾರಿದಳು. ಕರಗಿಸುವುದು ಬೇಡ, ಇದ್ದ ಹಾಗೆಯೇ ತೂತು ಹೊಡೆಸಿ ಹುಡುಗಿಯ ತಾಳಿಯಲ್ಲಿ ಪೋಣಿಸೋಣ ಎಂದೂ ತೀರ್ಮಾನಿಸಿದಳು. ದುರಗವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ನಿಂತಳು. ಅವಳ ಕಣ್ಣು ತುಂಬಿತ್ತು. ಆ ಮುಖ ನೋಡಿ ನನಗೂ ನಿಜವಾಗಿ ಸಂತೋಷವಾಯಿತು, ಹಲ್ಲು ಜುಮ್ಮೆನ್ನುತ್ತಿದ್ದರೂ. ಅವಳು ಕಾಲಿಗೆರಗಿದಾಗ ಬಾಯಿ ಬಿಡದೆ ಕೈಯೆತ್ತಿ ಹರಸಿದೆ. ಬೀಗರು ಎಷ್ಟು ಗಂಭೀರ ಮನುಷ್ಯರೆಂದು ಎಲ್ಲರೂ ಮೆಚ್ಚಿಕೊಂಡರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಮ್ಮನ್ನು ಬೀಳ್ಕೊಡುವಾಗ ಸಾವಕ್ಕ ಬಾಗಿಲಲ್ಲಿ ಕೇಳಿದಳು, ಸಂಕ್ರಮಣಕ್ಕೆ ಹುಡುಗಿಗೆ ಕುಸುರೆಳ್ಳು ತರುವಾಗಲೂ ಹೀಗೇನಾದರೂ ಪದ್ಧತಿ ಉಂಟೇ ಎಂದು. ಕಸ್ತೂರೆವ್ವ ಹಿಂದೆ ಮುಂದೆ ನೋಡಲಿಲ್ಲ.

"ಐತ್ರಿ. ಅದನ್ನೆಲ್ಲ ಬಿಡಾಕ ಬರೂದಿಲ್ಲ."

ಬಸ್ಸಿನಲ್ಲಿ ಧಾರವಾಡ ಅರ್ಧ ದಾರಿ ಇರುವಾಗ ಅವಳು ಮೊದಲ ಸಲ ನನ್ನ ಕಡೆ ತಿರುಗಿ, ಬಾಯಿ ತೆರೆಯಲು ಹೇಳಿದಳು. ತೆರೆದೆ. ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಂಗಾರ ತೂಗುವ ಪತ್ತಾರನಂತೆ ಬಗ್ಗಿ ಬಲಗಡೆಯ ಹಲ್ಲನ್ನು ಬಹಳ ಹೊತ್ತು ನೋಡಿದಳು.

"ಆ ಬುಗುಡಿ ಸೊಸಿಗಂತನ ಇಟ್ಟಿದ್ದೆ," ಎಂದಳು. "ನಡುವ ದಾರಿ ತಪ್ಪಿ ನಿಮ್ಮ ಬಾಯಿಗೆ ಹೋತು. ಈಗ ಸರಿ ದಾರಿ ಹಿಡದೈತಿ."

ಅಂದಿನಿಂದ ನನಗೆ ನಿದ್ದೆ ನೆಟ್ಟಗಿಲ್ಲ. ಕಚೇರಿಯಲ್ಲೂ ಬಲಗಡೆಯ ಹಲ್ಲನ್ನು ನಾಲಿಗೆಯಿಂದ ತಡವಿ ನೋಡಿಕೊಳ್ಳುತ್ತಲೇ ಇದ್ದೆ. ಪೇಡೆ ಕೊಟ್ಟರೂ ಎಡಗಡೆಯಿಂದಲೇ ತಿಂದೆ. ನಿನ್ನೆ, ಸಂಕ್ರಮಣಕ್ಕೆ ವಾರವಿರುವಾಗ, ಸಂಜೆ ಮನೆಗೆ ಬಂದರೆ ಮಣೆ ಹಾಕಿತ್ತು. ಮಣೆಯ ಮುಂದೆ ಬೆಳ್ಳಿಯ ತಟ್ಟೆ. ತಟ್ಟೆಯಲ್ಲಿ, ಇಷ್ಟು ವರ್ಷ ನಾನು ಕೇಳಿ ಕೇಳಿ ಬೈಸಿಕೊಂಡಿದ್ದ ಗರಗವೆಲ್ಲ ಸಾಲಾಗಿ ಕುಳಿತಿತ್ತು: ಬೆಲ್ಲದ ಚಿಕ್ಕಿ, ಕಡ್ಡಿಗೆ ಮೆತ್ತಿದ ಚಿಗಳಿ, ಬೆಂಡು, ಬೆತ್ತಾಸ, ಪುಟಾಣಿ ಉಂಡಿ. ನಡುವೆ ಒಂದು ಸಕ್ಕರೆ ಆನೆ, ಸೊಂಡಿಲು ಎತ್ತಿಕೊಂಡು. ಬಾಯಲ್ಲಿ ನೀರೂರಿತು. ತುಟಿಗಳು ಮಾತ್ರ ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡವು.

ಕಸ್ತೂರೆವ್ವ ಎದುರಿಗೆ ಬಂದು ಕುಳಿತು, ಮದುವೆಯಾದ ಹೊಸತರಲ್ಲಿ ಬೀಸಿದಂತೆ ಬೀಸಣಿಗೆ ಬೀಸುತ್ತ, ಅತ್ಯಂತ ಪ್ರೀತಿಯಿಂದ ಹೇಳಿದಳು:

"ತಿನ್ರಿ. ಪಾಕ ಒಂದೀಟ ಹೆಚ್ಚಿಗಿ ಕುದಿಸಿ ಗಟ್ಟಿ ಮಾಡೇನಿ. ಬಲಗಡಿ ಹಲ್ಲಿಲೆ ಕಡೀರಿ."