ಇವರು ಬಿಟ್ಟ ಮೇಲೆ ನನ್ನ ಸಂಜೆಗಳು

ನನ್ನ ಯಜಮಾನರು ಕುಡಿಯುವುದನ್ನು ಬಿಟ್ಟಿದ್ದಾರೆ. ಅಭಿನಂದನೆ ಹೇಳಲು ಬಾಯಿ ತೆರೆದಿದ್ದರೆ ದಯವಿಟ್ಟು ಮುಚ್ಚಿಕೊಳ್ಳಿ. ಪಂಜ ಪೇಟೆಯ ಅರ್ಧದಷ್ಟು ಜನ ಈಗಾಗಲೇ ಹೇಳಿಯಾಗಿದೆ. ಉಳಿದರ್ಧ ಜನ ಬಾರಿನಲ್ಲಿ ಇದ್ದದ್ದರಿಂದ ಹೇಳಲು ಬಂದಿಲ್ಲ.

ಮದ್ಯವರ್ಜನ ಶಿಬಿರದ ಕೊನೆಯ ದಿನ ಇವರ ಕುತ್ತಿಗೆಗೆ ಹಾರ ಹಾಕಿ, ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ನಮ್ಮ ಮದುವೆಯ ಫೋಟೋದಲ್ಲಿ ಕೂಡ ಇವರು ಅಷ್ಟು ನೆಟ್ಟಗೆ ನಿಂತಿಲ್ಲ. ಆಮೇಲೆ ಶಿಬಿರ ನಡೆಸಿದವರು ಹೆಂಗಸರನ್ನೆಲ್ಲ ಬೇರೆ ಕೂರಿಸಿ ಉಪದೇಶ ಮಾಡಿದರು. "ಕುಡಿತ ಬಿಟ್ಟವನಿಗೆ ಮೊದಲು ಸಿಗುವುದೇ ಬಿಡುವು. ಸಂಜೆ ಹೊತ್ತು ಬಹಳ ಸೂಕ್ಷ್ಮ. ಆ ಹೊತ್ತಿಗೆ ಮನಸ್ಸಿಗೆ ಹಿಡಿಸುವ ಕೆಲಸ ಒಂದು ಬೇಕು. ನೀವು ಸಹಕರಿಸಬೇಕು."

ತಲೆಯಾಡಿಸಿ ಬಂದೆ. ಸಹಕಾರ ಎಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ.

ಇವರು, ಅಂದರೆ ಬೋಜಪ್ಪನವರು, ರಬ್ಬರ್ ಟ್ಯಾಪಿಂಗ್ ಮಾಡುವವರು. ಬೆಳಕು ಹರಿಯುವ ಮೊದಲೇ ಹೋಗಿ ಮರ ಗೀರಿ, ಹಾಲು ತಂದು, ಹೆಪ್ಪುಗಟ್ಟಿಸಿ ಶೀಟು ಹಾಕಿದರೆ ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಊಟ ಮಾಡಿ ಒಂದು ನಿದ್ದೆ. ಹಿಂದೆಲ್ಲ ನಿದ್ದೆಯಿಂದ ಎದ್ದವರು ನೇರ ಬಾರಿಗೆ ನಡೆಯುತ್ತಿದ್ದರು. ಈಗ ಎದ್ದವರು ನೇರ ಅಡುಗೆಮನೆಗೆ ಬಂದರು.

"ಸೇವಂತಿ, ಈಗ ಎಂತ ಮಾಡುದು?"

"ಚಾ ಕುಡೀರಿ."

ಕುಡಿದರು. ಲೋಟ ತೊಳೆದಿಟ್ಟರು. ಗಡಿಯಾರ ನೋಡಿದರು.

"ಕುಡಿದಾಯ್ತು. ಇನ್ನೆಂತ ಮಾಡುದು?"

ಹೀಗೆ ಶುರುವಾಯಿತು ನನ್ನ ಗ್ರಹಚಾರ. ಮೊದಲ ವಾರ ನನ್ನ ಡಬ್ಬಿಗಳ ಮೇಲೆ ಇವರ ಕಣ್ಣು ಬಿತ್ತು. ಅಡುಗೆಮನೆಗೆ ಒಂದು ವ್ಯವಸ್ಥೆ ಇಲ್ಲವಂತೆ. ಎತ್ತರದ ಡಬ್ಬಿ ಹಿಂದೆ, ಗಿಡ್ಡ ಡಬ್ಬಿ ಮುಂದೆ, ಶಾಲೆಯ ಮಕ್ಕಳನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದರು. ಕಣ್ಣು ಮುಚ್ಚಿ ಸಾಸಿವೆಗೆ ಕೈ ಹಾಕುತ್ತಿದ್ದ ನಾನು ಅಂದು ಒಗ್ಗರಣೆಗೆ ಚಹಾಪುಡಿ ಹಾಕಿದೆ. (ಇವರು ತಕರಾರಿಲ್ಲದೆ ಉಂಡರು. ಶಿಬಿರದಲ್ಲಿ ತಾಳ್ಮೆಯನ್ನೂ ಕಲಿಸಿದ್ದರಂತೆ.)

ತಾಳ್ಮೆ ಕಲಿಸಿದ್ದರು, ತಾಳ ಕಲಿಸಿರಲಿಲ್ಲ. ಅದು ತಿಳಿದದ್ದು ಭಜನಾ ಮಂಡಳಿಗೆ ಸೇರಿದ ಮೇಲೆ. ಎಲ್ಲರೂ ದೇವರನ್ನು ಕರೆದು ಮುಗಿಸಿದ ಮೇಲೆ ಇವರ ತಾಳ ಒಂದೇ ಕರೆಯುತ್ತಿತ್ತು. ಒಂದು ವಾರ ಸಹಿಸಿದ ಮಂಡಳಿಯವರು, "ಬೋಜಪ್ಪಣ್ಣ, ನೀವು ಇನ್ನು ಪ್ರಸಾದ ಹಂಚಿದರೆ ಸಾಕು" ಎಂದರು. ಪ್ರಸಾದ ಹಂಚಲು ಎಷ್ಟು ಹೊತ್ತು ಬೇಕು? ಆರೂವರೆಗೆ ಮನೆಯಲ್ಲಿ.

ಮುಂದಿನ ಸರದಿ ನೆರೆಮನೆಯ ನಶೀದಾಳದ್ದು. ಅವಳ ಕೋಳಿಗಳಿಗೆ ಗೂಡು ಕಟ್ಟಿಕೊಡುತ್ತೇನೆಂದು ಹೊರಟರು. ಬಹಳ ಮುತುವರ್ಜಿಯಿಂದ ಕಟ್ಟಿದರು, ಬಣ್ಣ ಕೂಡ ಬಳಿದರು. ಹೇಂಟೆಗಳು ಸಲೀಸಾಗಿ ಒಳಗೆ ಹೋದವು. ಹುಂಜ ಮಾತ್ರ ಆ ಸಣ್ಣ ಬಾಗಿಲಲ್ಲಿ ತೂರಲಿಲ್ಲ. ಆ ದಿನದಿಂದ ಅದು ನಮ್ಮ ಬಚ್ಚಲುಮನೆಯ ಮಾಡಿನ ಮೇಲೆ ವಾಸವಾಗಿದೆ.

ಇದೆಲ್ಲ ನಗುವ ವಿಷಯವೇ. ನಗಲಾಗದ ವಿಷಯವೂ ಒಂದು ಉಂಟು. ಅದನ್ನು ನಿಮಗೆ ಮಾತ್ರ ಹೇಳುತ್ತೇನೆ.

ಇವರು ಬಿಟ್ಟ ಮೇಲೆ ಕೆಲಸ ಕಳೆದುಕೊಂಡದ್ದು ನಾನು. ಮದುವೆಯಾದ ಲಾಗಾಯ್ತು ನನ್ನ ಸಂಜೆಗಳು ಗಿಜಿಗಿಜಿ ತುಂಬಿಕೊಂಡಿದ್ದವು. ಕಟ್ಟಿಗೆ ರಾಶಿಯ ಹಿಂದೆ, ಶೀಟು ಒಣಗಿಸುವ ಹೊಗೆಗೂಡಿನ ಒಳಗೆ ಬಾಟಲಿ ಹುಡುಕುವುದು. ದಾರಿ ಕಾಯುವುದು. ಟಾರ್ಚು ಹಿಡಿದು ಪೇಟೆಗೆ ಹೋಗಿ, ಬಾರಿನ ಎದುರಿನ ಅಂಗಡಿಯ ಜಗಲಿಯಲ್ಲಿ ನಿಂತು ಕರೆಕಳುಹಿಸುವುದು. ನಡೆಸಿಕೊಂಡು ಬರುವುದು. ಬೈಯುವುದು, ಅಳುವುದು, ಮರುದಿನ ನಶೀದಾಳ ಮೆಟ್ಟಿಲಲ್ಲಿ ಕುಳಿತು ಆ ಪುರಾಣವನ್ನೆಲ್ಲ ಹೇಳುವುದು. ಸ್ವಸಹಾಯ ಸಂಘದ ಸಭೆಯಲ್ಲಿ ನನಗೆ ಯಾವಾಗಲೂ ಫ್ಯಾನಿನ ಕೆಳಗಿನ ಕುರ್ಚಿ. "ಪಾಪ, ಸೇವಂತಿ" ಎಂದು ಬಿಟ್ಟುಕೊಡುತ್ತಿದ್ದರು. ಈಗ ಅಲ್ಲಿ ಬೇರೊಬ್ಬಳು ಪಾಪದವಳು ಕೂರುತ್ತಾಳೆ.

ಒಂದು ದಿನ ನಶೀದಾಳ ಮೆಟ್ಟಿಲಲ್ಲಿ ಹೋಗಿ ಕುಳಿತೆ.

"ಮತ್ತೆ ಎಂತ ಸುದ್ದಿ ಸೇವಂತಿಯಕ್ಕ?" ಎಂದಳು.

"ಎಂತ ಇಲ್ಲ. ನಿನ್ನೆ ಬೇಗ ಮಲಗಿದರು."

"ಹ್ಞಾಂ. ಒಳ್ಳೆದಾಯ್ತಲ್ಲ."

ಅಷ್ಟೇ. ಇಬ್ಬರೂ ಹುಂಜವನ್ನು ನೋಡುತ್ತಾ ಕುಳಿತೆವು. ಸ್ವಲ್ಪ ಹೊತ್ತಿಗೆ ಅವಳು, "ಅನ್ನಕ್ಕೆ ಇಟ್ಟಿದ್ದೇನೆ" ಎಂದು ಒಳಗೆ ಹೋದಳು.

ಮನೆಗೆ ಬಂದರೆ ಇವರು ಒಂದು ಕುರ್ಚಿಯಲ್ಲಿ, ನಾನು ಒಂದು ಕುರ್ಚಿಯಲ್ಲಿ. ಬೈದೇ ಮಾತಾಡಿ ಅಭ್ಯಾಸವಾದ ನನಗೆ ಇವರ ಹತ್ತಿರ ಸುಮ್ಮನೆ ಏನು ಮಾತಾಡುವುದೆಂದು ಹೊಳೆಯುತ್ತಿರಲಿಲ್ಲ. ಒಂದು ಸಂಜೆ ಇವರೇ ಕೇಳಿದರು.

"ಸೇವಂತಿ, ನಿಂಗೆ ಎಂತ ಇಷ್ಟ?"

"ಯಾವುದರಲ್ಲಿ?"

"ಯಾವುದರಲ್ಲಾದ್ರೂ."

ತುಂಬ ಯೋಚಿಸಿದೆ. ಒಂದೂ ನೆನಪಿಗೆ ಬರಲಿಲ್ಲ. "ಬಟ್ಟೆ ತೆಗೀಬೇಕು" ಎಂದು ಎದ್ದು ಹೋದೆ. ಅಂಗಳದ ಹಗ್ಗದಲ್ಲಿ ಬಟ್ಟೆಯೇ ಇರಲಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ಹಗ್ಗ ಹಿಡಿದುಕೊಂಡು ನಿಂತು ಬಂದೆ.

ಬಾಟಲಿ ಹುಡುಕುವುದನ್ನು ಮಾತ್ರ ನಾನು ಬಿಟ್ಟಿರಲಿಲ್ಲ. ಸಿಗದಿದ್ದರೆ ಸಮಾಧಾನ ಆಗಬೇಕಲ್ಲ? ಆಗುತ್ತಿರಲಿಲ್ಲ. ಇವರಾದರೋ ಮಲಗುವ ಮೊದಲು, ಹಲ್ಲಿನ ಡಾಕ್ಟರ ಎದುರು ಕೂತವರಂತೆ ತಾವಾಗಿಯೇ ಬಾಯಿ ತೆರೆದು ತೋರಿಸುತ್ತಿದ್ದರು. ಮೂಸಿ ನೋಡಿ, "ಆಯ್ತು, ಮಲಗಿ" ಎನ್ನುತ್ತಿದ್ದೆ. ದಾಂಪತ್ಯದ ಸರಸ ಎಂದರೆ ನಮ್ಮಲ್ಲಿ ಅಷ್ಟೇ ಉಳಿದದ್ದು.

ಹೀಗಿರುವಾಗ ಕಳೆದ ಗುರುವಾರ ಇವರು ಕಾಣೆಯಾದರು.

ನಾನು ದನದ ಹಟ್ಟಿಯಿಂದ ಬಂದು ನೋಡಿದರೆ ಕುರ್ಚಿ ಖಾಲಿ. ಅಂಗಿ ಇಲ್ಲ, ಚಪ್ಪಲಿ ಇಲ್ಲ. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರಂತೆ. ಪುತ್ತೂರಿನ ಕಾಲೇಜಿಗೆ ಹೋಗುವ ಮಗಳು ಮೋಕ್ಷಿತಾ ಕೂಡ ಬಂದಿರಲಿಲ್ಲ. ಆದರೆ ಬಸ್ಸು ತಡವಾಗುವುದು ಇದ್ದದ್ದೇ, ಅವಳ ಚಿಂತೆಯಿಂದ ಮಂಡೆಬೆಚ್ಚ ಆಗಲಿಲ್ಲ. ಇವರು ಎಲ್ಲಿಗೆ ಹೋಗಿದ್ದಾರೆಂದು ನನಗೆ ಗೊತ್ತೇ ಉಂಟಲ್ಲ.

ಕಣ್ಣಲ್ಲಿ ನೀರು ಬಂತು. ಆದರೆ ನಿಜ ಹೇಳಬೇಕೆಂದರೆ ಕೈಕಾಲಿಗೆ ಎಲ್ಲಿಲ್ಲದ ಶಕ್ತಿ ಬಂತು. ಸೀರೆ ಬಿಗಿದು ಕಟ್ಟಿ, ಟಾರ್ಚು ಹಿಡಿದು ಹೊರಟೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಎಷ್ಟೋ ತಿಂಗಳಿಂದ ಬಾಯಿಗೆ ಬಾರದಿದ್ದ ಮಾತುಗಳೆಲ್ಲ ಒಂದರ ಹಿಂದೆ ಒಂದು ಬಂದವು.

ಯಾವಾಗಲೂ ಜಗಲಿಯಲ್ಲಿ ನಿಲ್ಲುತ್ತಿದ್ದವಳು ಅಂದು ನೇರ ಬಾರಿನ ಒಳಗೆ ನುಗ್ಗಿದೆ. ಕೌಂಟರಿನಲ್ಲಿದ್ದ ಉದಯ ಎದ್ದು ನಿಂತ.

"ಬೋಜಪ್ಪಣ್ಣ ಬರ್ಲಿಲ್ಲ ಅಕ್ಕ."

"ಸುಳ್ಳು ಹೇಳ್ಬೇಡ."

"ದೇವರಾಣೆ. ಅವರು ಈ ಕಡೆ ಬರದೆ ಎಷ್ಟು ಸಮಯ ಆಯ್ತು."

ನಾನು ಕೇಳಲಿಲ್ಲ. ಒಳಗಿನ ಕೋಣೆಗೆ ಹೋಗಿ ಪರದೆ ಸರಿಸಿದೆ. ಅಲ್ಲಿ ಕುಳಿತಿದ್ದವರು ನಮ್ಮ ಸಂಘದ ಅಧ್ಯಕ್ಷೆಯ ಗಂಡ ರಾಧಾಕೃಷ್ಣ. ನನ್ನನ್ನು ಕಂಡು ಗಡಬಡಿಸಿ ಎದ್ದು ಕೈಮುಗಿದರು. "ಅಕ್ಕ, ಮನೆಯಲ್ಲಿ ಹೇಳ್ಬೇಡಿ" ಎಂದರು. ಅವರ ಪಕ್ಕದ ಕುರ್ಚಿ ಖಾಲಿ ಇತ್ತು. ಬೇರೆಲ್ಲೂ ಇವರು ಇರಲಿಲ್ಲ.

ಇಲ್ಲಿ ಇಲ್ಲ ಎಂದಾದರೆ ಎಲ್ಲಿ? ಹೊಳೆ ನೆನಪಾಯಿತು. ರಬ್ಬರ್ ತೋಟದ ಮರಗಳು ನೆನಪಾದವು. ಕಳೆದ ಒಂದು ವಾರದಿಂದ ಇವರು ಹೆಚ್ಚು ಮಾತಾಡದೆ ಕುಳಿತಿದ್ದದ್ದು ನೆನಪಾಯಿತು. ಆ ಖಾಲಿ ಕುರ್ಚಿಯಲ್ಲೇ ಕುಸಿದೆ. ಉದಯ ಪಾಪ, ಕೈಗೆ ಸಿಕ್ಕಿದ ಗ್ಲಾಸಿಗೆ ಸೋಡಾ ಹೊಯ್ದು ತಂದುಕೊಟ್ಟ. "ಕುಡೀರಿ ಅಕ್ಕ, ಸಮಾಧಾನ ಆಗ್ತದೆ."

ಒಂದು ಗುಟುಕು ಕುಡಿದು ತಲೆ ಎತ್ತಿದೆ. ಎದುರಿಗೆ ಇವರು ನಿಂತಿದ್ದಾರೆ, ಪಕ್ಕದಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡ ಮೋಕ್ಷಿತಾ.

ನಡೆದದ್ದು ಇಷ್ಟು. ಮೋಕ್ಷಿತಾಳ ಬಸ್ಸು ನಿಂತಿಕಲ್ಲಿನಲ್ಲಿ ಕೆಟ್ಟು ನಿಂತಿತ್ತು. ಅವಳು ಅಪ್ಪನಿಗೆ ಫೋನ್ ಮಾಡಿದ್ದಳು. ಹುಟ್ಟಿದ ಲಾಗಾಯ್ತು ಏನಾದರೂ ಆದರೆ ನನ್ನನ್ನೇ ಕರೆಯುತ್ತಿದ್ದ ಹುಡುಗಿ, ಮೊದಲ ಸಲ ಅಪ್ಪನನ್ನು ಕರೆದಿದ್ದಳು. ಆ ಗಡಿಬಿಡಿಯಲ್ಲಿ ಇವರು ನನಗೊಂದು ಮಾತು ಹೇಳುವುದನ್ನೂ ಮರೆತು, ಸಿಕ್ಕಿದ ರಿಕ್ಷಾ ಹಿಡಿದು ಓಡಿದ್ದರು. ವಾಪಸು ಬಂದು ಪೇಟೆಯಲ್ಲಿ ಇಳಿದರೆ ಯಾರೋ ಹೇಳಿದರಂತೆ: "ಬೋಜಪ್ಪಣ್ಣ, ನಿಮ್ಮ ಹೆಂಡತಿ ಬಾರಿನಲ್ಲಿ ಕೂತಿದ್ದಾರೆ."

"ಅಮ್ಮ, ಮನೆಗೆ ಹೋಗುವ" ಎಂದಳು ಮೋಕ್ಷಿತಾ, ಮೆಲ್ಲಗೆ.

ಒಂದು ಕಡೆಯಿಂದ ಇವರು, ಇನ್ನೊಂದು ಕಡೆಯಿಂದ ಅವಳು ತೋಳು ಹಿಡಿದು ನಡೆಸಿಕೊಂಡು ಹೊರಟರು. ಮೆಡಿಕಲ್ ಶಾಪಿನವರು ನೋಡಿದರು, ಕೋಳಿ ಅಂಗಡಿಯವರು ನೋಡಿದರು. ನಾನು ಜೋಡಿಸಿಟ್ಟಿದ್ದ ಬೈಗುಳಗಳೆಲ್ಲ ಖರ್ಚಾಗದೆ ಉಳಿದವು. ಪೇಟೆ ದಾಟಿದ ಮೇಲೆ ಮಗಳು ಸ್ವಲ್ಪ ಮುಂದೆ ಹೋದಳು. ಆಗ ಇವರು ಕೇಳಿದರು.

"ನಾನು ಅಲ್ಲಿ ಇದ್ದೇನೆ ಅಂತ ಬಂದದ್ದಾ?"

"ಹೌದು."

"ಅಂದ್ರೆ ನಿಂಗೆ ನನ್ನ ಮೇಲೆ ನಂಬಿಕೆ ಇಲ್ಲ."

ಸುಳ್ಳು ಹೇಳಬಹುದಿತ್ತು. "ಇಲ್ಲ" ಎಂದೆ.

ನನ್ನ ಕೈಯಿಂದ ಟಾರ್ಚು ತೆಗೆದುಕೊಂಡು ದಾರಿಗೆ ಬೆಳಕು ಬಿಟ್ಟರು. ಆಮೇಲೆ ಹೇಳಿದರು: "ನಂಗೂ ಇಲ್ಲ ಸೇವಂತಿ. ದಿನಾ ಸಂಜೆ ಹೆದರಿಕೆ ಆಗ್ತದೆ. ಇವತ್ತು ಮಾತ್ರ ಆಗ್ಲಿಲ್ಲ. ಅವಳು ಕರೆದಳಲ್ಲ."

ಇವರ ತೋಳು ಹಿಡಿದುಕೊಂಡೆ. ನೋಡಿದವರು ನನಗೆ ನಡೆಯಲು ಆಗುತ್ತಿಲ್ಲ ಎಂದುಕೊಂಡಿರಬೇಕು.

ಮರುದಿನ ಬೆಳಿಗ್ಗೆ ನಶೀದಾ ತಾನಾಗಿಯೇ ನಮ್ಮ ಮೆಟ್ಟಿಲಲ್ಲಿ ಬಂದು ಕುಳಿತಳು. "ಅಕ್ಕ, ಯಾವಾಗದಿಂದ? ನನ್ನ ಹತ್ತಿರ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಕಣ್ಣು ಒರೆಸಿಕೊಂಡಳು. ಸೋಡಾ ಎಂದೆ. "ಎಲ್ಲರೂ ಮೊದಲು ಹಾಗೇ ಹೇಳುದು" ಎಂದಳು. ಸಾಕ್ಷಿಗೆ ರಾಧಾಕೃಷ್ಣರನ್ನು ಕರೆಯುವ ಹಾಗಿಲ್ಲ, ಅವರು ಅಲ್ಲಿ ಇರಲೇ ಇಲ್ಲವಲ್ಲ.

ಈಗ ಇವರಿಗೆ ಸಂಜೆಗೆ ಮನಸ್ಸಿಗೆ ಹಿಡಿಸುವ ಕೆಲಸ ಸಿಕ್ಕಿದೆ. ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ಮಗಳನ್ನು ಕರೆದುಕೊಂಡು ಬರುವುದು. ಮನೆಯಲ್ಲಿ ಒಬ್ಬಳೇ ಕುಳಿತು ನಾನಾದರೂ ಏನು ಮಾಡಲಿ? ಜೊತೆಗೆ ಹೋಗುತ್ತೇನೆ. ನಿನ್ನೆ ಬಸ್ಸಿಗೆ ಕಾಯುತ್ತಿರುವಾಗ ಶಿಬಿರ ನಡೆಸಿದವರು ಆ ದಾರಿಯಾಗಿ ಬಂದರು. ನನ್ನನ್ನು ಮರುಕದಿಂದ ನೋಡಿದರು. ಇವರ ಹೆಗಲು ತಟ್ಟಿದರು.

"ಬೋಜಪ್ಪ, ಒಳ್ಳೆ ಕೆಲಸ ಮಾಡ್ತಾ ಇದ್ದೀರಿ. ಸಂಜೆ ಹೊತ್ತು ಅವರನ್ನು ಒಬ್ಬರೇ ಬಿಡ್ಬೇಡಿ. ಮುಂದಿನ ತಿಂಗಳು ಸುಳ್ಯದಲ್ಲಿ ಶಿಬಿರ ಉಂಟು, ಹೆಂಗಸರಿಗೂ ಅವಕಾಶ ಇದೆ."

ಇವರು ಏನಾದರೂ ಹೇಳುತ್ತಾರೆಂದು ನಾನು ಕಾದೆ. ಇವರು ನನ್ನ ಕಡೆ ಒಮ್ಮೆ ನೋಡಿ, ಅವರಿಗೆ ವಿನಯದಿಂದ ಕೈಮುಗಿದರು.

"ಆಯ್ತು ಸರ್. ನಾನು ಸಹಕರಿಸ್ತೇನೆ."