ಹದಿನಾರು ಅಂತಸ್ತಿನ ಮುಯ್ಯಾಳು

ನಮನ್‌ಗಾನ್ ನಗರದ ಚೋರ್‌ಚಿನೋರ್ ಮಹಲ್ಲಾದ, ಅಂದರೆ ನಮ್ಮ ಕೇರಿಯ, ಪಕ್ಕದಲ್ಲಿ ‘ನೆಮ್ಮದಿಯ ಅಂಗಳ’ ಎಂಬ ಹದಿನಾರು ಅಂತಸ್ತಿನ ಕಟ್ಟಡವನ್ನು ಎಬ್ಬಿಸುತ್ತಿರುವ ಸಂಸ್ಥೆಯ ನಿರ್ದೇಶಕರೂ, ಕಳೆದ ಗುರುವಾರದಿಂದ ನಮ್ಮ ಆಪ್ತ ನೆರೆಮನೆಯವರೂ ಆಗಿರುವ ನುಸ್ರತ್ ಮಿರ್ಜಾಯೆವಿಚ್ ಅವರ ಸನ್ನಿಧಿಗೆ

ಮಾನ್ಯರೇ,

ತಾವು ಕ್ಷೇಮವೇ, ಮನೆಯವರು ಕ್ಷೇಮವೇ, ಮಕ್ಕಳು ಕ್ಷೇಮವೇ, ತಮ್ಮ ಎರಡೂ ಕಪ್ಪು ಕಾರುಗಳು ಕ್ಷೇಮವೇ, ನಮ್ಮ ಅಂಗಳದ ದ್ರಾಕ್ಷಿ ಚಪ್ಪರದ ಮೇಲೆ ದಿನಕ್ಕೆ ಎರಡು ಬಾರಿ ನೆರಳು ಹಾಯಿಸಿ ಹೋಗುವ ತಮ್ಮ ಕ್ರೇನು ಕ್ಷೇಮವೇ ಎಂದು ವಿಚಾರಿಸಿಕೊಂಡು ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ನೆರೆಯವರ ನಡುವೆ ಇಷ್ಟಾದರೂ ವಿಚಾರಣೆ ನಡೆಯದಿದ್ದರೆ ಚೆನ್ನಾಗಿರುವುದಿಲ್ಲ. ಇಷ್ಟು ದಿನ ವಿಚಾರಿಸದೆ ಇದ್ದುದಕ್ಕೆ ಕ್ಷಮೆಯಿರಲಿ. ತಾವು ನಮ್ಮ ನೆರೆಯವರೆಂಬುದು ನಮಗೆ ತಿಳಿದದ್ದೇ ಗುರುವಾರ, ನ್ಯಾಯಾಲಯದಲ್ಲಿ, ತಮ್ಮ ವಕೀಲರ ಬಾಯಿಂದ.

ನಾನು ಗಾರೆ ಕೆಲಸದ ಮೇಸ್ತ್ರಿ, ಉಸ್ತಾ ಅಬ್ದುಮುತಲ್ ಅವರ ಮಗಳು. ನಾಲ್ಕು ಜನರೆದುರು ಎದ್ದು ನಿಂತು ಮಾತಾಡುವುದು ನನ್ನಿಂದಾಗದು, ಆದ್ದರಿಂದ ಬರೆದು ಪತ್ರಿಕೆಗೂ ನಮ್ಮ ಚಹಾದಂಗಡಿಯ ಗೋಡೆಗೂ ಕೊಡುತ್ತಿದ್ದೇನೆ. ಏಪ್ರಿಲ್ ಹನ್ನೊಂದರಂದು ನನ್ನ ತಂದೆಯವರು ತಮ್ಮ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ ಹೊರಗೋಡೆಗೆ ಇಟ್ಟಿಗೆ ಕಟ್ಟುತ್ತಿದ್ದಾಗ ಕಾಲಡಿಯ ಸಾರುವೆ ಹಲಗೆ ಎರಡು ತುಂಡಾಗಿ, ಅವರು ಮರಳಿನ ರಾಶಿಯ ಅಂಚಿಗೆ ಬಿದ್ದರು. ಸೊಂಟದ ಮೂಳೆ ಒಡೆಯಿತು, ಬಲಗಾಲು ಮೂರು ಕಡೆ ಮುರಿಯಿತು. ಒಂದು ಶಸ್ತ್ರಚಿಕಿತ್ಸೆ ಆಗಿದೆ. ಬೇಸಿಗೆ ಮುಗಿಯುವುದರೊಳಗೆ ಎರಡನೆಯದಾದರೆ ಕೋಲು ಹಿಡಿದು ನಡೆದಾರು, ಆಗದಿದ್ದರೆ ಮೂಳೆಗಳು ಈಗಿರುವಂತೆಯೇ ಸೊಟ್ಟಗೆ ಕೂಡಿಕೊಂಡು ಮುಂದೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಈಗ ಜೂನ್ ಅರ್ಧ ಕಳೆದಿದೆ. ಆ ಎರಡನೆಯ ಶಸ್ತ್ರಚಿಕಿತ್ಸೆಯ ಹೊಣೆ ಯಾರದು ಎಂಬುದಷ್ಟೇ ನಮ್ಮ ನಿಮ್ಮ ನಡುವಿನ ಮಾತು. ಉಳಿದದ್ದೆಲ್ಲ ನೆರೆಹೊರೆಯ ಸಲ್ಲಾಪ.

ಗಾಯಗೊಂಡ ಕಟ್ಟಡ ಕೆಲಸಗಾರನಿಗೆ ಕಾನೂನಿನಲ್ಲಿ ಎಷ್ಟೊಂದು ದಾರಿಗಳಿವೆ ಎಂಬುದನ್ನು ತಮ್ಮ ಕೃಪೆಯಿಂದಲೇ ನಾನು ಕಲಿತೆ. ಉಚಿತ ಕಾನೂನು ನೆರವು ನೀಡುವ ವಕೀಲೆ, ನಮಗೆಲ್ಲ ಅಕ್ಕನಂತಿರುವ ದಿಲ್‌ಫೂಜಾ ಓಪಾ ತಮ್ಮ ಕಿರಿದಾದ ಕೋಣೆಯಲ್ಲಿ, ಕಡತಗಳ ನಡುವೆ ಪಿಂಗಾಣಿ ಬಟ್ಟಲಿಗೆ ಜಾಗ ಮಾಡಿ, ಬೆರಳು ಮಡಿಸಿ ಎಣಿಸಿದರು: “ಕಾರ್ಮಿಕ ತಪಾಸಣೆಯವರ ಹತ್ರ ಹೋಗಿ ಅಪಘಾತದ ತನಿಖೆ ಕೇಳ್ಬಹುದು. ಮಾಲೀಕರಿಂದ ಚಿಕಿತ್ಸೆ ಖರ್ಚು, ಪರಿಹಾರ ಕೇಳ್ಬಹುದು. ಅಂಗವಿಕಲ ಪಿಂಚಣಿ ಕೇಳ್ಬಹುದು. ಸುರಕ್ಷತೆ ನೋಡ್ಕೊಂಡಿಲ್ಲ ಅಂತ ಅಭಿಯೋಜಕರಿಗೆ ದೂರು ಕೊಡ್ಬಹುದು. ಆದ್ರೆ ನೋಡಮ್ಮಾ, ದಾರಿ ಎಷ್ಟಿದ್ರೂ ಬಾಗಿಲು ಒಂದೇ. ನಿಮ್ಮಪ್ಪ ಅಲ್ಲಿ ಕೆಲಸಕ್ಕಿದ್ರು ಅಂತ ಮೊದಲು ತೋರಿಸ್ಬೇಕು.” ಒಪ್ಪಂದದ ಕಾಗದ ಎಲ್ಲಿ ಎಂದು ಅವರು ಕೇಳಲೇ ಇಲ್ಲ, ತಮ್ಮಂಥವರನ್ನು ಹಿಂದೆಯೂ ಕಂಡಿದ್ದಾರೆ. ಕಾಗದವಿಲ್ಲದಿದ್ದರೂ ಕೆಲಸಕ್ಕೆ ಹಚ್ಚಿದ್ದು ಸಾಬೀತಾದರೆ ಅದೇ ಒಪ್ಪಂದವಾಗುತ್ತದಂತೆ, ಅದಕ್ಕೆ ಕಣ್ಣಾರೆ ಕಂಡವರು ಬೇಕಂತೆ.

ಕಂಡವರಿದ್ದರು. ಅಪ್ಪನ ಪಕ್ಕದಲ್ಲೇ ಇಟ್ಟಿಗೆ ಕೊಡುತ್ತಿದ್ದ, ನಾನು ಅಣ್ಣನೆಂಬಂತೆ ‘ಅಕಾ’ ಎಂದು ಕರೆಯುವ ಸೋತ್ವಾಲ್ದಿ ಅಕಾ ನಮ್ಮ ಬಾಗಿಲಲ್ಲಿ ನಿಂತು, ಒಳಗೆ ಬರಲೂ ಒಪ್ಪದೆ, ತಮ್ಮ ಚಪ್ಪಲಿಗಳನ್ನೇ ನೋಡುತ್ತ ಹೇಳಿದರು: “ನೋಡಿಲ್ಲ ಅಂತ ಹೇಳೋಕೆ ನಾಲಿಗೆ ಬರಲ್ಲ ಮಗಳೇ. ನೋಡಿದೆ ಅಂದ್ರೆ ನಾಳೆ ಗೇಟಿನೊಳಗೆ ಬಿಡಲ್ಲ. ನಂಗೂ ಮೂವರು ಮಕ್ಕಳು.” ಒಬ್ಬ ಮನುಷ್ಯನನ್ನು ಹೊಡೆಯದೆ ಬಡಿಯದೆ ಇಷ್ಟು ಚಿಕ್ಕವನನ್ನಾಗಿ ಮಾಡುವ ಕಲೆ ತಮ್ಮ ಸಂಸ್ಥೆಗೆ ಒಲಿದಿರುವುದನ್ನು ಮೆಚ್ಚದೆ ಇರಲಾರೆ.

ಇದಕ್ಕಿಂತ ಮೆಚ್ಚತಕ್ಕದ್ದು ತಮ್ಮ ಮೇಲ್ವಿಚಾರಕರಾದ ಎಲ್ಮುರೋದ್ ಅವರ ಸೌಜನ್ಯ. ಅಪ್ಪ ಬಿದ್ದ ಎಂಟನೆಯ ದಿನ ಅವರು ಆಸ್ಪತ್ರೆಗೆ ಎರಡು ರೊಟ್ಟಿಯನ್ನೂ ಒಂದು ಬುಟ್ಟಿ ಸ್ಟ್ರಾಬೆರಿಯನ್ನೂ ಹಿಡಿದು ಬಂದರು. “ಉಸ್ತಾ, ಹೇಗಿದೀರಿ? ನೀವಿಲ್ದೆ ಗೋಡೆ ಎಲ್ಲ ಅನಾಥ ಆಗಿದೆ” ಎಂದರು. ಅಪ್ಪನಿಗೆ ನಗು ಬಂತು, ನಕ್ಕರೆ ಸೊಂಟ ನೋಯುತ್ತದೆಂದು ಹಲ್ಲು ಕಚ್ಚಿಕೊಂಡರು. ಆಮೇಲೆ ಜೇಬಿನಿಂದ ಒಂದು ಹಾಳೆ ಹೊರಬಂತು: “ಇದೇನಿಲ್ಲ, ಆಸ್ಪತ್ರೆಯವರು ಕೇಳೋ ಕಾಗದ. ಇಲ್ಲೊಂದು ಸಹಿ, ಕೆಳಗೊಂದು ಸಹಿ.” ಅಪ್ಪನ ಕನ್ನಡಕ ಅವರ ಜೊತೆಗೇ ನಾಲ್ಕನೆಯ ಅಂತಸ್ತಿನಿಂದ ಇಳಿದು ಪುಡಿಯಾಗಿತ್ತು. ಅವರು ಸಹಿ ಹಾಕಿದರು. ಏಕೆ ಹಾಕಿದಿರಿ, ಒಂದು ಮಾತು ಕೇಳಬಾರದಿತ್ತೇ ಎಂದು ನಾನು ಆಮೇಲೆ ಅತ್ತಾಗ ಅವರು ಬೇಸರದಿಂದಲೇ ಹೇಳಿದರು: “ರೊಟ್ಟಿ ಹಿಡ್ಕೊಂಡು ನೋಡೋಕೆ ಬಂದವನನ್ನ, ಏನಪ್ಪಾ ಇದರಲ್ಲಿ ಬರೆದಿರೋದು ಅಂತ ಹೇಗೆ ಕೇಳ್ಲಿ? ನಮ್ಮಲ್ಲಿ ಹಾಗೆ ಕೇಳ್ತಾರೇನೆ?” ಕೇಳುವುದಿಲ್ಲ, ಮಾನ್ಯರೇ. ಅದು ತಮಗೂ ಗೊತ್ತಿತ್ತು. ಆದ್ದರಿಂದಲೇ ಕಾಗದಕ್ಕಿಂತ ಮೊದಲು ರೊಟ್ಟಿಯನ್ನು ಕಳಿಸಿದಿರಿ. ಹೋಗುವಾಗ ಮೇಲ್ವಿಚಾರಕರು ಮಂಚದ ಕೆಳಗಿದ್ದ, ಸಂಸ್ಥೆ ಕೊಟ್ಟ ನಲವತ್ತೊಂದು ಎಂಬ ಸಂಖ್ಯೆ ಬರೆದಿದ್ದ ಅಪ್ಪನ ಹೆಲ್ಮೆಟ್ಟನ್ನೂ ಮರೆಯದೆ ಒಯ್ದರು.

ಆ ಹಾಳೆಯನ್ನೇ ತಮ್ಮ ವಕೀಲರು ಗುರುವಾರ ಗಟ್ಟಿಯಾಗಿ ಓದಿದ್ದು. ಅಬ್ದುಮುತಲ್ ಎಂಬುವರು ಸಂಸ್ಥೆಯ ಕೆಲಸಗಾರರೇ ಅಲ್ಲ, ‘ಯಾರ ಒತ್ತಾಯವೂ ಇಲ್ಲದೆ, ಕೂಲಿಯ ಆಸೆಯಿಲ್ಲದೆ, ನೆರೆಹೊರೆಯ ಪ್ರೀತಿಯಿಂದ ಹಶರ್ ಮಾಡಲು’ ಅಂದು ಕಟ್ಟಡದ ಮೇಲೆ ಹತ್ತಿದ್ದರಂತೆ. ನಾಲ್ಕು ವರ್ಷ ಸಾಹಿತ್ಯ ಓದಿದ ನಾನು ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡ ಕಲ್ಪನೆಯನ್ನು ತುಂಬಿದ ವಾಕ್ಯವನ್ನು ಬೇರೆಲ್ಲೂ ಕಂಡಿಲ್ಲ.

ತಾವು ಎತ್ತರದಲ್ಲಿ ವಾಸಿಸುವವರಾದ್ದರಿಂದ ಹಶರ್ ಎಂದರೇನೆಂಬುದು ಮರೆತಿರಬಹುದು, ನೆನಪಿಸುವ ಧೈರ್ಯ ಮಾಡುತ್ತೇನೆ. ಅದು ಮುಯ್ಯಾಳು ಕೆಲಸ. ಒಬ್ಬನ ಮನೆಗೆ ಗೋಡೆ ಏಳಬೇಕಾದಾಗ ಬೀದಿಯವರೆಲ್ಲ ಹೋಗಿ ಎಬ್ಬಿಸಿ ಕೊಡುತ್ತಾರೆ. ನಾಳೆ ಅವರ ಗೋಡೆಗೆ ಇವನು ಹೋಗುತ್ತಾನೆ. ಮನೆಯ ಯಜಮಾನ ತಾನೇ ಮನೆಮನೆಗೆ ಹೋಗಿ ಕರೆಯಬೇಕು, ಬಂದವರಿಗೆ ದೊಡ್ಡ ಬಾಣಲೆಯಲ್ಲಿ ಪಲಾವು ಬೇಯಿಸಬೇಕು, ಎಲ್ಲರಿಗಿಂತ ಮೊದಲು ತಾನು ತೋಳು ಮಡಿಸಿ ಕೆಸರಿಗೆ ಇಳಿಯಬೇಕು. ಆದುದರಿಂದ ವಿನಯಪೂರ್ವಕವಾಗಿ ಕೇಳುತ್ತೇನೆ: ತಾವು ನಮ್ಮ ಮನೆಗೆ ಕರೆಯಲು ಬಂದದ್ದು ಯಾವ ದಿನ, ಆ ದಿನ ನಾವೆಲ್ಲ ಎಲ್ಲಿ ಹೋಗಿದ್ದೆವು? ಏಪ್ರಿಲ್ ಹನ್ನೊಂದರಂದು ಪಲಾವು ಬೆಂದದ್ದು ಯಾವ ಅಂತಸ್ತಿನಲ್ಲಿ, ಅಮ್ಮ ಕಟ್ಟಿಕೊಟ್ಟ ರೊಟ್ಟಿ ಮತ್ತು ಈರುಳ್ಳಿ ಅಪ್ಪನ ಚೀಲದಲ್ಲಿ ಅರ್ಧ ತಿಂದು ಉಳಿದದ್ದು ಹೇಗೆ? ಅಂದು ಗಾರೆ ಕಲಸಿದ ತಮ್ಮ ತೋಳಿನ ಚಿತ್ರವೇನಾದರೂ ಇದೆಯೇ? ಕಳೆದ ಹದಿನಾಲ್ಕು ತಿಂಗಳಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ತಮ್ಮ ಗೇಟಿನ ಮುಂದೆ ಸಾಲು ನಿಲ್ಲುವ ಆ ಅರವತ್ತು ಮಂದಿಯೂ ಪ್ರೀತಿಯಿಂದಲೇ ನಿಲ್ಲುತ್ತಿದ್ದಾರೆಯೇ? ಹೌದಾದರೆ ತಾವು ನಮ್ಮ ಕಣಿವೆಯಲ್ಲೇ ಅತ್ಯಂತ ಪ್ರೀತಿಪಾತ್ರರಾದ ನೆರೆಯವರು, ತಮ್ಮ ಹೆಸರಿನಲ್ಲಿ ಒಂದು ಬೀದಿಯಾಗಬೇಕು.

ಆದರೆ ನ್ಯಾಯಾಲಯವು ತಮ್ಮ ವಾಕ್ಯವನ್ನು ಒಪ್ಪುವ ಸೂಚನೆ ಕಂಡಿತು, ಅದಕ್ಕೆ ಕಾರಣ ನಮ್ಮವರೇ. ಮಹಲ್ಲಾದ ಮೊಹರು ಇಟ್ಟುಕೊಂಡಿರುವ ಹಿರಿಯರಾದ ಹೋಲ್‌ಮತ್ ಅಜ್ಜನ ಬಳಿಗೆ ತಮ್ಮ ವಕೀಲರು ಮೇ ತಿಂಗಳಲ್ಲಿ ಚಹಾದಂಗಡಿಗೆ ಬಂದು, ಅಬ್ದುಮುತಲ್ ಎಂಥ ಮನುಷ್ಯ ಎಂದು ಕೇಳಿದರಂತೆ. ಎಂಬತ್ತು ವರ್ಷದ ಅಜ್ಜನಿಗೆ ಅಪ್ಪನೆಂದರೆ ಮಗನಿದ್ದಂತೆ. “ಅವನಂಥೋನು ಇನ್ನೊಬ್ಬ ಹುಟ್ಬೇಕು! ನಲವತ್ತು ವರ್ಷದಲ್ಲಿ ಒಂದು ಹಶರ್ ತಪ್ಪಿಸಿಲ್ಲ. ಕರೆಯೋದೇ ಬೇಡ, ಕರಣೆ ಹಿಡ್ಕೊಂಡು ಬಂದು ನಿಂತಿರ್ತಾನೆ” ಎಂದರು. ಇದನ್ನೇ ಬರೆದು ಮೊಹರು ಹಾಕಿಕೊಟ್ಟರೆ ಅಬ್ದುಮುತಲ್ ಅವರಿಗೇ ಒಳ್ಳೆಯದಾಗುತ್ತದೆ ಎಂದರು ವಕೀಲರು. ಅಜ್ಜ ಬರೆದರು, ಮೊಹರಿಗೆ ಎರಡು ಸಲ ಉಸಿರು ಊದಿ ಒತ್ತಿದರು, ಆಮೇಲೆ ನೇರವಾಗಿ ನಮ್ಮ ಮನೆಗೇ ಬಂದು ಅಂಗಳದಿಂದಲೇ ಅಮ್ಮನನ್ನು ಕೂಗಿದರು: “ಹಾಲಿಮಾ! ನಿನ್ನ ಗಂಡನ ಬಗ್ಗೆ ಇವತ್ತು ಎಂಥಾ ಕಾಗದ ಬರೆದ್ಕೊಟ್ಟೆ ಗೊತ್ತಾ! ಮಂತ್ರಿಗಳಿಗೂ ಯಾರೂ ಹಾಗೆ ಬರೆದಿರಲ್ಲ!” ಅಮ್ಮ ಅವರಿಗೆ ಜೇನು ಹಾಕಿ ಚಹಾ ಕೊಟ್ಟಳು.

ಗುರುವಾರ ಆ ಹೊಗಳಿಕೆಯ ಕಾಗದವನ್ನು ತಮ್ಮ ವಕೀಲರು ಅಪ್ಪನ ಸಹಿಯಿದ್ದ ಹಾಳೆಯ ಪಕ್ಕದಲ್ಲಿ ಜೋಡಿಸಿಟ್ಟಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ, ಅಜ್ಜ ನನ್ನ ಮುಂದಿನದರಲ್ಲಿದ್ದರು. ಕರೆಯದಿದ್ದರೂ ಕರಣೆ ಹಿಡಿದು ಬರುವವನು ಎಂದು ಓದುತ್ತಿದ್ದಂತೆ ಅಜ್ಜ ತಲೆಯ ಮೇಲಿನ ಟೋಪಿಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಬೋಳುತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಇದು ಹಶರ್ ಅಲ್ಲ ಎನ್ನಲು ಬೇರೆ ಆಧಾರವಿದ್ದರೆ ಬುಧವಾರ ತನ್ನಿ ಎಂದರು ನ್ಯಾಯಾಧೀಶರು. ಮನೆಗೆ ಬಂದು ಹೇಳಿದಾಗ ಅಪ್ಪ ಸೂರಿನ ಕಡೆ ನೋಡುತ್ತ, “ಅಜ್ಜನ್ನ ಯಾರೂ ಏನೂ ಅನ್ಬೇಡಿ. ಅವರು ಒಂದಕ್ಷರ ಸುಳ್ಳು ಬರೆದಿಲ್ವಲ್ಲ” ಎಂದಷ್ಟೇ ಹೇಳಿದರು.

ಶುಕ್ರವಾರ ಬೆಳಿಗ್ಗೆ ಅಜ್ಜ ನಮ್ಮ ಅಂಗಳಕ್ಕೆ ಬಂದರು. ಹಿಂದೆ ಸೋತ್ವಾಲ್ದಿ ಅಕಾ ಇದ್ದರು, ಈ ಸಲ ಒಳಗೂ ಬಂದರು. ತಮ್ಮ ವಾಕ್ಯ ಆಗಲೇ ಕೆಲಸಗಾರರ ಬಾಯಿಂದ ಬಾಯಿಗೆ ಹದಿನಾರೂ ಅಂತಸ್ತು ಹತ್ತಿ ಇಳಿದಿತ್ತು, ಮಾನ್ಯರೇ. “ಅಬ್ದುಮುತಲ್ ಹಶರಿಗೆ ಬಂದ ಅತಿಥಿ ಅಂದ್ರೆ ನಾನ್ಯಾರು?” ಎಂದರು ಸೋತ್ವಾಲ್ದಿ ಅಕಾ. “ನಾಳೆ ನಾನು ಬಿದ್ರೂ ಅತಿಥೀನೇ. ಬಾಯಿ ಮುಚ್ಕೊಂಡಿದ್ದು ಕೆಲಸ ಉಳಿಸ್ಕೊಳ್ಳೋಕೆ. ಕೆಲಸಾನೇ ಇಲ್ಲ ಅಂದ್ಮೇಲೆ ಉಳಿಸ್ಕೊಳ್ಳೋದೇನು? ಬುಧವಾರ ನಾನ್ ಬರ್ತೀನಿ ಮಗಳೇ.” ಹೀಗೆ, ನಾವು ಎರಡು ತಿಂಗಳು ಬೇಡಿಯೂ ಸಿಗದ ಸಾಕ್ಷಿಯನ್ನು ತಾವು ಒಂದೇ ವಾಕ್ಯದಲ್ಲಿ ಒದಗಿಸಿಕೊಟ್ಟಿರಿ, ಇದಕ್ಕೆ ನಮ್ಮ ಕುಟುಂಬ ಋಣಿಯಾಗಿದೆ.

ಅಜ್ಜನ ಯೋಚನೆ ಬೇರೆಯಿತ್ತು. “ಹಶರ್ ಅಂದ್ರಲ್ಲ? ಆಗ್ಲಿ, ಹಶರೇ ಇರ್ಲಿ” ಎಂದರು. “ನನ್ನ ಮೊಹರು ಬಿದ್ದಾಗಿದೆ, ನಾನು ಹಿಂದೆ ಸರಿಯಲ್ಲ. ಅಬ್ದುಮುತಲ್ ಆ ಯಜಮಾನರ ಮನೆ ಕಟ್ಟೋಕೆ ಹೋದ. ಈಗ ಅವರು ಅಬ್ದುಮುತಲ್ ಮನೆಗೆ ಬರ್ಲಿ. ಮುಯ್ಯಿ ತೀರಿಸ್ಲಿ.” ನಮ್ಮ ಹೊಸ್ತಿಲು ಒಂದು ಮೊಳ ಎತ್ತರವಿದೆ, ಶೌಚಾಲಯ ಅಂಗಳದ ಕೊನೆಯಲ್ಲಿದೆ, ನಡುವೆ ಕಲ್ಲುಮಣ್ಣು. ಅಪ್ಪನನ್ನು ಅಮ್ಮನೂ ನಾನೂ ಚಾದರದಲ್ಲಿ ಎತ್ತಿಕೊಂಡು ಹೋಗುತ್ತೇವೆ, ಹೋಗುವಾಗಲೂ ಬರುವಾಗಲೂ ಅವರು ಕಣ್ಣು ಮುಚ್ಚಿಕೊಂಡಿರುತ್ತಾರೆ. ಈ ಭಾನುವಾರ ಅಲ್ಲಿ ಗಾಲಿಕುರ್ಚಿಗೆ ಇಳಿಜಾರು ದಾರಿಯೂ ಕೈಹಿಡಿಯಲು ಕಂಬಿಯೂ ಆಗಬೇಕು. ಅದಕ್ಕೆ ಹಶರ್.

ಕ್ರಮ ತಪ್ಪಬಾರದೆಂದು ಅಜ್ಜ ಖುದ್ದಾಗಿ ಸೋತ್ವಾಲ್ದಿ ಅಕಾ ಅವರೊಂದಿಗೆ ತಮ್ಮ ಕಚೇರಿಗೆ ನಡೆದು ಬಂದದ್ದನ್ನು ಕಾವಲುಗಾರರು ತಮಗೆ ತಿಳಿಸಿರಬಹುದು. ಯಜಮಾನರನ್ನು ಹಶರಿಗೆ ಕರೆಯಲು ಬಂದಿದ್ದೇನೆ ಎಂದಾಗ ಕಾವಲುಗಾರರು, “ಅಜ್ಜಾ, ಅಪಾಯಿಂಟ್‌ಮೆಂಟ್ ಇದೆಯಾ?” ಎಂದರಂತೆ. “ನಮ್ಮ ಅಬ್ದುಮುತಲ್ ನಿಮ್ಮ ಹಶರಿಗೆ ಬರೋವಾಗ ಅಪಾಯಿಂಟ್‌ಮೆಂಟ್ ತಗೊಂಡಿದ್ನಾ?” ಎಂದು ಅಜ್ಜ ಕೇಳಿದ್ದಕ್ಕೆ ಆ ಸಜ್ಜನರು ನಗು ತಡೆಯಲಾರದೆ, ಭೇಟಿಯ ಪುಸ್ತಕದಲ್ಲಿ ದಿನ, ಗಂಟೆ, ‘ಅಬ್ದುಮುತಲ್ ಅವರ ಮನೆಯ ಹಶರಿಗೆ ನಿರ್ದೇಶಕರಿಗೆ ಆಹ್ವಾನ’ ಎಂದು ಬರೆದುಕೊಂಡರು. ಸೋತ್ವಾಲ್ದಿ ಅಕಾ ಆ ಪುಟದ ಫೋಟೊ ತೆಗೆದಿಟ್ಟುಕೊಂಡಿದ್ದಾರೆ.

ಆದುದರಿಂದ, ಮಾನ್ಯರೇ, ಭಾನುವಾರ ಬೆಳಿಗ್ಗೆ ಆರಕ್ಕೆ ದಯಮಾಡಿಸಬೇಕು. ಮೇಲ್ವಿಚಾರಕರನ್ನೂ ವಕೀಲರನ್ನೂ ಕರೆತನ್ನಿ. ಒಬ್ಬರು ಮರಳು ಜರಡಿ ಹಿಡಿಯಲಿ, ವಕೀಲರು, ಎರಡು ಕಾಗದಗಳನ್ನು ಬೆರೆಸುವುದರಲ್ಲಿ ಪಳಗಿದವರಾದ್ದರಿಂದ, ಗಾರೆ ಕಲಸಲಿ. ಕರಣೆ ತರುವ ಅಗತ್ಯವಿಲ್ಲ, ಅಪ್ಪನದು ಖಾಲಿಯಿದೆ. ನಲವತ್ತೊಂದನೆಯ ಹೆಲ್ಮೆಟ್ಟನ್ನು ಮಾತ್ರ ಧರಿಸಿ ಬನ್ನಿ, ನಮ್ಮ ಮನೆಯ ವಸ್ತು ಮನೆಗೆ ಬಂದಂತಾಗುತ್ತದೆ. ಪಲಾವನ್ನು ಅಮ್ಮ ಮಾಡುತ್ತಾಳೆ. ತಾವು ಬಂದರೆ, ಊಟವಾದ ಮೇಲೆ, ನೆರೆಯವನ ಮುರಿದ ಸೊಂಟದ ಮುಯ್ಯಿಯನ್ನು ಹೇಗೆ ತೀರಿಸುವಿರೆಂದು ಅಜ್ಜ ಎಲ್ಲರೆದುರು ತಮ್ಮನ್ನು ಕೇಳುತ್ತಾರೆ. ಶಸ್ತ್ರಚಿಕಿತ್ಸೆಯ ದಿನವನ್ನು ಅಲ್ಲಿಯೇ ಗೊತ್ತುಮಾಡಬಹುದು. ಬಾರದಿದ್ದರೂ ಬೇಸರವಿಲ್ಲ. ಬುಧವಾರ ಹತ್ತು ಗಂಟೆಗೆ ಅಜ್ಜ ಟೋಪಿ ಧರಿಸಿ ಎದ್ದು ನಿಂತು, ಕರೆದರೂ ನೆರೆಯವನ ಗೋಡೆಗೆ ಬಾರದವನು ಹಶರ್ ಮಾಡಿಸಿದವನಲ್ಲ, ಆಳು ಇಟ್ಟುಕೊಂಡವನು ಎಂದು ಹೇಳುತ್ತಾರೆ. ಅವರ ಎರಡನೆಯ ಕಾಗದ ಸಿದ್ಧವಾಗಿದೆ, ಮೊಹರಿಗಾಗಿ ಭಾನುವಾರ ಸಂಜೆಯನ್ನು ಕಾಯುತ್ತಿದೆ.

ತಮ್ಮ ದಾರಿ ಕಾಯುತ್ತಿರುವ, ಗೋಡೆಗೆ ಗೋಡೆ ತಾಗಿದ ತಮ್ಮ ವಿಶ್ವಾಸಿ,
ಮುಅತ್ತರ್
ಉಸ್ತಾ ಅಬ್ದುಮುತಲ್ ಅವರ ಮಗಳು

ಮರೆತಿದ್ದ ಮಾತು: ಮುರಿದ ಹಲಗೆಯ ಒಂದು ತುಂಡನ್ನು ಸೋತ್ವಾಲ್ದಿ ಅಕಾ ಅಂದೇ ಎತ್ತಿಟ್ಟಿದ್ದರಂತೆ, ಶುಕ್ರವಾರ ತಂದುಕೊಟ್ಟರು. ಅದರಲ್ಲಿ ಹಳೆಯ ಸೀಳೊಂದಿದೆ, ಸೀಳು ಕಾಣದಂತೆ ಯಾರೋ ಗಾರೆ ಮೆತ್ತಿದ್ದಾರೆ. ಬುಧವಾರ ಅದು ನ್ಯಾಯಾಲಯಕ್ಕೆ ಬರುತ್ತದೆ. ಭಾನುವಾರ ಮಾತ್ರ, ತಾವು ಕುಳಿತು ಚಹಾ ಕುಡಿಯಲೆಂದು ಅದನ್ನೇ ಚಪ್ಪರದಡಿ ಹಾಕಿರುತ್ತೇವೆ. ಹೆದರಬೇಡಿ, ನೆಲದ ಮೇಲೇ ಇಟ್ಟಿರುತ್ತೇವೆ. ಬಿದ್ದು ಸೊಂಟ ಮುರಿದುಕೊಳ್ಳುವಷ್ಟು ಎತ್ತರ ನಮ್ಮ ಮನೆಯಲ್ಲಿಲ್ಲ.