ಸಿಸ್ಟರ್ ಕಲಿಸಿದ ತ್ರಾಂಕಿಲೊ

ಆಸ್ಪತ್ರೆ ಜೀಪು ಓಡಿಸುವವನಿಗೆ ನಗುವುದಕ್ಕೆ ಬೇರೆ ನಾಟಕ ಬೇಡ ಮಾರಾಯ್ರೇ, ದಿನಾ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಎಂಬತ್ತರ ದಶಕದಲ್ಲಿ ನರಸಿಂಹರಾಜಪುರದ ನಮ್ಮ ಸಣ್ಣ ಆಸ್ಪತ್ರೆಗೆ ಸ್ಪೇನ್ ದೇಶದ ನರ್ಸು ಸಿಸ್ಟರ್ ಒಬ್ಬರು ಬಂದಿದ್ದರು. ಕೊಪ್ಪ, ಶೃಂಗೇರಿ ಕಡೆಯ ಹಳ್ಳಿಗಳಿಗೆ ಅವರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ.

೧. ಬಾಳಗಡಿ ತಿರುವು

ಎದುರಿಗೆ ಬಸ್ಸು ಬಂತು. ಹಿಂದೆ ತೆಗೆಯಲು ಅವನೂ ಒಪ್ಪ, ನಾನೂ ಒಪ್ಪೆ. ತಲೆ ಹೊರಗೆ ಹಾಕಿ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಪಕ್ಕದಲ್ಲಿ ಕೂತ ಸಿಸ್ಟರ್ ನನ್ನ ತೋಳು ತಟ್ಟಿ, "ತ್ರಾಂಕಿಲೊ, ತ್ರಾಂಕಿಲೊ" ಅಂದರು.

"ಅದೆಂತ ಬೈಗುಳ ಸಿಸ್ಟರ್? ನನಗೂ ಕಲಿಸಿ, ಅವನಿಗೆ ಬೈತೇನೆ."

"ಬೈಗುಳ ಅಲ್ಲ. ತಳಮಳ ಇಲ್ಲದ ಮನುಷ್ಯ ತ್ರಾಂಕಿಲೊ. ಹೆಂಗಸಾದರೆ ತ್ರಾಂಕಿಲಾ. ಹೆದರಿದವರಿಗೆ, ಸಿಟ್ಟಾದವರಿಗೆ ಸಮಾಧಾನಕ್ಕೂ ಹೀಗೇ ಹೇಳೋದು."

ಓಹೋ, ನಮ್ಮ ಮಾರಾಯ, ಮಾರಾಯ್ತಿ ಇದ್ದ ಹಾಗೆ! ತಕ್ಷಣ ಬಸ್ಸಿನ ಡ್ರೈವರಿಗೆ ಕೈ ಮುಗಿದು, ಹಲ್ಲು ಕಿಸಿದು, "ತ್ರಾಂಕಿಲೊ" ಅಂದೆ. ಇವನಿಗೆ ತಲೆ ಕೆಟ್ಟಿದೆ ಅಂತ ಹೆದರಿ ಬಸ್ಸನ್ನು ಹಿಂದೆ ತೆಗೆದ.

೨. ಕಮ್ಮರಡಿ ಅಜ್ಜಿ

ಸೂಜಿ ಕಂಡು ನಡುಗುತ್ತಿದ್ದ ಅಜ್ಜಿಯ ಬೆನ್ನು ಸವರುತ್ತಾ ಸಿಸ್ಟರ್ "ತ್ರಾಂಕಿಲಾ, ತ್ರಾಂಕಿಲಾ" ಅಂದರು. ಅಜ್ಜಿ ಕಣ್ಣು ಮುಚ್ಚಿ ಕೂತಿತು, ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ.

ಮುಂದಿನ ವಾರ ಹೋದರೆ ಸಾಲಾಗಿ ಜನ, ಎಲ್ಲರ ಕೈಯಲ್ಲೂ ನೀರಿನ ಲೋಟ! ಹೆದರಿದವರಿಗೆ ನೀರು ಮಂತ್ರಿಸಿ ಕುಡಿಸುವುದು ನಮ್ಮ ಕಡೆ ಇದ್ದದ್ದೇ.

"ಸೂಜಿ ಬೇಡ ಅಮ್ಮಾ, ಆ ಮಂತ್ರ ಇದಕ್ಕೆ ಊದಿ ಕೊಡಿ, ಸಾಕು" ಅಂತು ಅಜ್ಜಿ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಿಸ್ಟರ್ ನಗಲಿಲ್ಲ. ಒಂದೊಂದು ಲೋಟಕ್ಕೂ ತ್ರಾಂಕಿಲಾ ಹೇಳಿ ಕುಡಿಸಿದರು. ಆಮೇಲೆ ಒಬ್ಬರನ್ನೂ ಬಿಡದೆ ಸೂಜಿ ಚುಚ್ಚಿದರು.

೩. ಅತ್ತೆಯ ಲೋಟ

ನಮ್ಮ ಮೊದಲ ಕೂಸು ಉಳಿದಿರಲಿಲ್ಲ. ಎರಡನೆಯ ಹೆರಿಗೆಗೆ ಹೆಂಡತಿಯನ್ನು ಸಿಸ್ಟರ್ ಕೈಗೇ ಒಪ್ಪಿಸಿದೆ. ಒಳಗೆ ಹೋದವಳ ಸದ್ದೇ ಇಲ್ಲ! ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡಿದೆ. ಅತ್ತೆ ಒಂದು ಲೋಟ ನೀರು ತಂದು, "ಹೋಗಿ, ಮಂತ್ರಿಸಿಕೊಂಡು ಬನ್ನಿ" ಅಂದರು. ಕಮ್ಮರಡಿಯಲ್ಲಿ ಅಷ್ಟು ನಕ್ಕ ನಾನೇ ಲೋಟ ಹಿಡಿದು ಬಾಗಿಲು ತಟ್ಟಿದೆ.

ಸಿಸ್ಟರ್ ಲೋಟ ನೋಡಿದರು, ನನ್ನ ಮುಖ ನೋಡಿದರು. ನೀರಿಗೆ ಮಂತ್ರ ಊದಿ, ಲೋಟವನ್ನು ನನ್ನ ಬಾಯಿಗೇ ಹಿಡಿದರು.

"ನೀವು ಕುಡಿಯಿರಿ. ಅವಳು ಆರಾಮಾಗಿದ್ದಾಳೆ."

ಗಟಗಟ ಕುಡಿದೆ. ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಹೆಣ್ಣು. ತಾಯಿ ಮಗಳು ಇಬ್ಬರೂ ಕ್ಷೇಮ. ನಾನೂ ಅತ್ತುಬಿಟ್ಟೆ, ನಾಚಿಕೆ ಎಂತದು? ಸಿಸ್ಟರ್ ಋಣ ಈ ಜನ್ಮಕ್ಕೆ ತೀರುವುದಲ್ಲ.

ಅತ್ತೆಯವರು ಮಾತ್ರ ಬದುಕಿರುವಷ್ಟು ಕಾಲ ಸಿಕ್ಕಿದವರಿಗೆಲ್ಲ ಹೇಳಿದ್ದೇ ಹೇಳಿದ್ದು:

"ಎಂಥಾ ಮಂತ್ರ ಅಂತೀರಿ! ಕುಡಿದದ್ದು ಅಳಿಯ, ಹೆತ್ತದ್ದು ಮಗಳು!"